ಗ್ಲೌಸ್ ಹಾಕಲ್ಲ ಅಂದ ಹುಡುಗ್ರ ಮಾತಲ್ಲೂ ವಿಷ್ಯ ಇತ್ತು

ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್, 61 ದಿನ ಯಾಂತ್ರಿಕ ಬೋಟ್ ಸಮುದ್ರಕ್ಕೆ ಇಳಿಯೋ ಹಾಗಿಲ್ಲ, ಆದ್ರೆ ಕಾರವಾರದಲ್ಲಿ ಬೋಟ್ ಇಂಜಿನ್ ಕೆಲಸ ಮಾಡೋ ನಮ್ಮಂಥವರಿಗೆ ವರ್ಷದ ದೊಡ್ಡ ಸೀಸನ್ನೇ ಅದು. ಬೈತಖೋಲ್ ಬಂದರಲ್ಲಿ ಟ್ರಾಲರ್, ಬಲೆ ಸುತ್ತು ಹಾಕಿ ಮೀನು ಹಿಡಿಯೋ ಪರ್ಸೀನ್ ಬೋಟ್ ಎಲ್ಲ ಸಾಲಾಗಿ ಕಟ್ಟಿ ಹಾಕಿರ್ತಾರೆ, ಹೆಡ್ ಬಿಚ್ಚೋದು, ವಾಲ್ವ್ ಗ್ರೈಂಡಿಂಗ್, ಲೈನರ್, ಪಿಸ್ಟನ್, ಡೀಸೆಲ್ ಚಿಮ್ಮಿಸೋ ನಾಝಲ್, ಗೇರ್‌ಬಾಕ್ಸ್ ಎಲ್ಲ ಆ ಮಳೇಲೇ ಮುಗೀಬೇಕು. ಇಂಜಿನ್ ರೂಮಲ್ಲಿ ನೆಟ್ಟಗೆ ನಿಲ್ಲೋಕೆ ಜಾಗ ಇರಲ್ಲ, ಕೆಳಗೆ ಉಪ್ಪುನೀರು ಡೀಸೆಲ್ ಹಳೇ ಆಯಿಲ್ ಎಲ್ಲ ಕಲಸಿ ಕರೀ ರಾಡಿ, ಅದ್ರೊಳಗೇ ಕೈ ಹಾಕಿ ನಟ್ ಹುಡುಕಬೇಕು.

ಮುಂಚೆ ನಮ್ಮಲ್ಲಿ ಉಗುರಿನ ಸಂದಿ ಕಪ್ಪಗಿದ್ದವನೇ ಒಳ್ಳೆ ಮೇಸ್ತ್ರಿ. ಯಾರಾದ್ರೂ ಗ್ಲೌಸ್ ಹಾಕ್ಕೊಂಡ್ರೆ "ಎಂತ ಡಾಕ್ಟ್ರೇ, ಆಪರೇಶನ್ ಉಂಟಾ" ಅಂತ ಎಲ್ರೂ ನಗೋರು. ಮಾಲೀಕರು ಗ್ಲೌಸ್ ತಂದು ಕೊಡ್ತಾ ಇರಲಿಲ್ಲ ಅಂತಲ್ಲ, ಹಾರ್ಡ್‌ವೇರ್ ಅಂಗಡಿಯಿಂದ ಬಿಳೀ ನೂಲಿನ ಗ್ಲೌಸ್ ಕಟ್ಟುಗಟ್ಟಲೆ ಬರ್ತಿತ್ತು, ಮೂಲೇಲಿ ಬಿದ್ದಿರ್ತಿತ್ತು, ಆಮೇಲೆ "ಈ ಹುಡುಗ್ರಿಗೆ ಹೇಳಿದ್ರೂ ಅಷ್ಟೆ" ಅನ್ನೋ ಮಾತು. ನಾನು ಇಲ್ಲಿ ಹುಡುಗ್ರ ಪರ. ನೂಲಿನ ಗ್ಲೌಸ್ ಆಯಿಲ್ ಕುಡಿಯುತ್ತೆ, ಕುಡಿದು ಸಂಜೆ ತನಕ ಅದನ್ನ ಚರ್ಮಕ್ಕೆ ಅಂಟಿಸ್ಕೊಂಡೇ ಇರುತ್ತೆ, ಆಯಿಲ್ ಕೆಲಸಕ್ಕೆ ಅದಕ್ಕಿಂತ ಬರಿಗೈ ವಾಸಿ. ಅದನ್ನ ಹಾಕ್ಕೊಂಡು ಹತ್ತು ನಂಬರ್ ಬೋಲ್ಟ್ ಥ್ರೆಡ್ ಹಿಡೀತಾ ಇಲ್ವಾ ಗೊತ್ತಾಗಲ್ಲ, ನಾಝಲ್ ವಾಷರ್ ಕೈಜಾರಿ ಬಿದ್ರೆ ಅರ್ಧ ದಿನ ಹೋಯ್ತು. ಮೆಡಿಕಲ್ ಶಾಪಿನ ಲ್ಯಾಟೆಕ್ಸ್ ಗ್ಲೌಸ್ ಹಾಕಿ ನೋಡಿದ್ರೆ ಆಯಿಲ್ ತಾಗಿದ ಸ್ವಲ್ಪ ಹೊತ್ತಿಗೆ ಉಬ್ಬಿ, ಅಂಟಂಟಾಗಿ ಹರಿದು ಹೋಗುತ್ತೆ. ಹಾಗಾಗಿ "ಗ್ಲೌಸ್ ಹಾಕಿದ್ರೆ ಕೆಲಸ ಆಗಲ್ಲ" ಅಂತ ಅವರು ಹೇಳಿದ್ದು ಸೋಂಬೇರಿತನ ಅಲ್ಲ, ಅಂಥ ಗ್ಲೌಸಲ್ಲಿ ನಿಜವಾಗ್ಲೂ ಕೆಲಸ ಆಗಲ್ಲ.

ಕೊರೊನಾ ಆದ್ಮೇಲೆ ನೀಲಿ ನೈಟ್ರೈಲ್ (ಒಂದು ಥರ ಕೃತಕ ರಬ್ಬರ್) ಗ್ಲೌಸ್ ಎಲ್ಲರ ಕಣ್ಣಿಗೂ ಅಭ್ಯಾಸ ಆಯ್ತು. 2020ರಲ್ಲಿ ರೇಟು ಸಿಕ್ಕಾಪಟ್ಟೆ ಏರಿತ್ತು, ಆಮೇಲೆ ಇಳೀತು. ನೈಟ್ರೈಲ್ ಆಯಿಲ್, ಡೀಸೆಲ್, ಗ್ರೀಸ್ ತಡೆಯುತ್ತೆ, ತೆಳ್ಳಗೆ ಬೆರಳಿಗೆ ಅಂಟಿಕೊಳ್ಳೋದ್ರಿಂದ ವಾಷರ್ ಕೂಡ ಕೈಗೆ ಗೊತ್ತಾಗುತ್ತೆ. ನಮ್ಮಲ್ಲಿ ಮೊದ್ಲು ಹಾಕ್ಕೊಂಡಿದ್ದು ಹೊಸ ಹುಡುಗ್ರಲ್ಲ, ಎಲ್ಲರಿಗಿಂತ ಹಿರಿಯ ಮೇಸ್ತ್ರಿ. ಅವರ ಅಂಗೈ ಬಿರುಕು ಬಿಟ್ಟು ಉಪ್ಪುನೀರು ತಾಗಿದ್ರೆ ಉರಿ, ಅನ್ನ ಮೀನುಸಾರು ಕಲಸೋಕೂ ಆಗ್ತಿರಲಿಲ್ಲ. ಅವರು ಹಾಕಿದ್ಮೇಲೆ ನಗೋಕೆ ಯಾರಿಗೂ ಬಾಯಿ ಬರಲಿಲ್ಲ, ಗ್ಲೌಸ್ ಹಾಕಿ ಅಂತ ಎಷ್ಟು ಬೋರ್ಡ್ ತೂಗು ಹಾಕಿದ್ರೂ ಆಗದ ಕೆಲಸ ಅದು.

ಹಳೇ ಆಯಿಲ್ ಬಗ್ಗೆ ಗೊತ್ತಿರಬೇಕಾದ್ದು ಏನಂದ್ರೆ, ಹೊಸ ಆಯಿಲಿಗೂ ಇಂಜಿನ್ ಅಡಿಯ ಸಂಪಿಂದ ಇಳಿಸಿದ ಕರೀ ಆಯಿಲಿಗೂ ತುಂಬ ವ್ಯತ್ಯಾಸ. ಇಂಧನ ಉರಿದು ಹುಟ್ಟೋ ಮಸಿ, ಅದರ ಜೊತೆಗಿನ ಕೆಟ್ಟ ಕೆಮಿಕಲ್ ಎಲ್ಲ ಅದ್ರಲ್ಲಿ ಸೇರಿರುತ್ತೆ, ವರ್ಷಾನುಗಟ್ಟಲೆ ಚರ್ಮಕ್ಕೆ ತಾಗ್ತಾ ಇದ್ರೆ ಚರ್ಮದ ಕ್ಯಾನ್ಸರ್ ತನಕ ಹೋಗೋ ಅಪಾಯ ಇದೆ. ಮಸಿಯಿಂದ ಕ್ಯಾನ್ಸರ್ ಬರುತ್ತೆ ಅಂತ ಲಂಡನ್ನಿನ ಡಾಕ್ಟರ್ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ರು, ಚಿಮಣಿ ಕ್ಲೀನ್ ಮಾಡೋರಿಗೆ ವೃಷಣದ ಚೀಲದ ಚರ್ಮದಲ್ಲಿ ಬರ್ತಿತ್ತಂತೆ. ಆಮೇಲೆ ಇಂಗ್ಲೆಂಡಿನ ಹತ್ತಿ ಮಿಲ್ಲಲ್ಲಿ ಮಷಿನ್ ಆಯಿಲ್ ಪ್ಯಾಂಟಿಗೆ ನೆನೆದು ನೂಲುವವರಿಗೂ ಅದೇ ಜಾಗದಲ್ಲಿ ಬಂತು. ಅದಕ್ಕೇ ನಾನು ಆಯಿಲ್ ವೇಸ್ಟ್ ಬಟ್ಟೆ ಪ್ಯಾಂಟ್ ಜೇಬಲ್ಲಿ ಇಟ್ಕೊಳ್ಳೋಕೆ ಯಾರಿಗೂ ಬಿಡಲ್ಲ, ಬೈದಾದ್ರೂ ತೆಗೆಸ್ತೀನಿ.

ಇನ್ನೊಂದು ಕೆಟ್ಟ ಅಭ್ಯಾಸ, ಪೆಟ್ರೋಲಲ್ಲಿ ಕೈ ತೊಳೆಯೋದು. ಕೈ ಬೇಗ ಬೆಳ್ಳಗಾಗುತ್ತೆ ನಿಜ, ಆದ್ರೆ ಚರ್ಮದ ಜಿಡ್ಡೆಲ್ಲ ಹೋಗಿ ಬಿರುಕು ಬಿಡುತ್ತೆ, ಪೆಟ್ರೋಲಲ್ಲಿ ಬೆಂಜೀನ್ ಬೇರೆ ಇದೆ. ತೆಂಗಿನೆಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ ಬಟ್ಟೇಲಿ ಒರೆಸಿ ಆಮೇಲೆ ಸೋಪು ಹಾಕಿ ನೋಡಿ, ಗ್ರೀಸ್ ಬಿಡುತ್ತೆ. ನಮ್ಮ ಊರಲ್ಲಿ ತೆಂಗಿನೆಣ್ಣೆಗೇನು ಬರ.

ಆದ್ರೆ ಗ್ಲೌಸ್ ತೆಗೀಬೇಕಾದ ಜಾಗ ಗೊತ್ತಿಲ್ಲದಿದ್ರೆ ಹಾಕೋ ಅಭ್ಯಾಸವೇ ಕೈ ತಿನ್ನುತ್ತೆ. ಡ್ರಿಲ್, ಲೇತ್, ಬೆಂಚ್ ಗ್ರೈಂಡರ್, ಓಡ್ತಾ ಇರೋ ಬೆಲ್ಟ್, ಶಾಫ್ಟ್ ಹತ್ರ ಗ್ಲೌಸ್ ಬೇಡವೇ ಬೇಡ, ಬಟ್ಟೆ ಚರ್ಮದ್ದಂತೂ ಒಂದು ಎಳೆ ಸಿಕ್ಕಿದ್ರೆ ಬೆರಳು, ಕೈ ಎಲ್ಲ ಎಳ್ಕೊಂಡು ಹೋಗುತ್ತೆ. ಶಿರಸಿ ಜಾತ್ರೇಲಿ ಮಣಿಕಟ್ಟಿಗೆ ಕಟ್ಟಿಸ್ಕೊಂಡ ದಾರ, ಕೈಕಡಗ, ಉಂಗುರ ಎಲ್ಲದಕ್ಕೂ ಇದೇ ಮಾತು. ಬ್ಯಾಟರಿ ಬಿಚ್ಚೋವಾಗ ಸ್ಪ್ಯಾನರೂ ಉಂಗುರವೂ ಸೇರಿ ಶಾರ್ಟ್ ಆದ್ರೆ ಉಂಗುರ ಕೆಂಪಗೆ ಕಾದು ಬೆರಳಿಗೇ ಅಂಟುತ್ತೆ. ಬಿಸಿ ಸೈಲೆನ್ಸರ್, ವೆಲ್ಡಿಂಗ್‌ಗೆ ನೈಟ್ರೈಲ್ ಹಾಕ್ಬೇಡಿ, ಕರಗಿ ಮೈಗೆ ಹತ್ತುತ್ತೆ, ಅಲ್ಲಿ ಚರ್ಮದ್ದೇ ಬೇಕು. ಥಿನ್ನರ್, ಅಸಿಟೋನ್ ತೆಳ್ಳನೆ ನೈಟ್ರೈಲ್ ದಾಟಿ ಒಳಗೆ ಬರುತ್ತೆ.

ಯಾವ ಗ್ಲೌಸೂ ಕಾಯದ್ದು ಡೀಸೆಲ್ ಪ್ರೆಶರ್. ಹಳೇ ಪಂಪ್ ಇಂಜಿನ್ನಿನ ನಾಝಲ್ಲೇ 200 ಬಾರ್ (ಪ್ರೆಶರ್ ಅಳತೆ) ಆಸುಪಾಸಲ್ಲಿ ತೆರೆಯುತ್ತೆ, ಎಲ್ಲ ನಾಝಲ್ಲಿಗೂ ಒಂದೇ ಪೈಪಿಂದ ಡೀಸೆಲ್ ಹೋಗೋ ಈಗಿನ ಕಾಮನ್ ರೈಲ್ ಗಾಡೀಲಿ 1,600 ಬಾರ್ ದಾಟುತ್ತೆ. ಟೆಸ್ಟರ್ ಮೇಲೆ ನಾಝಲ್ ಕೂರಿಸಿ ಸ್ಪ್ರೇ ಹೇಗಿದೆ ಅಂತ ಬೆರಳು ಹಿಡಿಯೋರನ್ನ ನೋಡಿದೀನಿ, ಮೈ ಜುಮ್ ಅನ್ನುತ್ತೆ. ಆ ಧಾರೆ ಸೂಜಿ ಹಾಗೆ ಚರ್ಮದೊಳಗೆ ಹೋಗುತ್ತೆ, ಹೊರಗೆ ಬರೀ ಚುಕ್ಕಿ, ಮೊದ್ಲು ನೋವೂ ಜಾಸ್ತಿ ಇರಲ್ಲ, ಒಳಗೆ ಮಾಂಸ ಸಾಯ್ತಾ ಇರುತ್ತೆ. ಅರಿಶಿಣ ಹಚ್ಚಿ ಬೆಳಿಗ್ಗೆ ನೋಡೋಣ ಅನ್ನೋ ಕೇಸೇ ಅಲ್ಲ, ತಕ್ಷಣ ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ಕ್ರಿಮ್ಸ್‌ಗೆ ಹೋಗಿ "ಪ್ರೆಶರಲ್ಲಿ ಡೀಸೆಲ್ ಒಳಗೆ ಹೋಗಿದೆ" ಅಂತ ಬಾಯಿಬಿಟ್ಟು ಹೇಳ್ಬೇಕು, ತಡ ಆದ್ರೆ ಬೆರಳೇ ತೆಗೀಬೇಕಾಗಬಹುದು. ಲೀಕ್ ಹುಡುಕೋಕೆ ಬೆರಳಲ್ಲ, ರಟ್ಟು ಹಿಡೀರಿ.

ಬೆವರಿನ ತೊಂದರೆ ಇನ್ನೂ ಹಾಗೇ ಉಂಟು. ಮೇ ತಿಂಗಳ ಸೆಕೇಲಿ ಗ್ಲೌಸ್ ಒಳಗೆ ನೀರು ನಿಲ್ಲುತ್ತೆ, ಬೆರಳು ನೆನೆದು ಬಿಳಿಚಿ ತುರಿಸೋಕೆ ಶುರು. ಒಳಗೆ ತೆಳ್ಳನೆ ನೂಲಿನದ್ದು ಹಾಕೋದು, ಮಧ್ಯೆ ಮಧ್ಯೆ ತೆಗೆದು ಕೈ ಒಣಗಿಸಿ ಹೊಸ ಜೊತೆ ಹಾಕೋದು ಮಾಡ್ತೀವಿ, ಖರ್ಚು ಅಂತ ಮಾಲೀಕರು ಗೊಣಗಿದ್ರೂ ಇದರಲ್ಲಿ ಜುಗ್ಗತನ ಮಾಡ್ಬಾರದು.

ಈಗ ಗ್ಲೌಸ್ ಹಾಕದೆ ಉಳಿದಿರೋದು ಬೋಟಿನ ಡ್ರೈವರ್‌ಗಳು. ಸಮುದ್ರದ ಮಧ್ಯೆ ಆಯಿಲ್ ಬದಲಿಸೋದು, ಫಿಲ್ಟರ್ ಬಿಚ್ಚೋದು ಅವರೇ, ಬರಿಗೈಲಿ. ಆಗಸ್ಟಿಗೆ ಬೋಟ್ ಇಳಿಸೋ ಮುಂಚೆ ಇಂಜಿನ್ ರೂಮಲ್ಲಿ ಒಂದು ಬಾಕ್ಸ್ ಗ್ಲೌಸ್ ಇಡಿ ಅಂತ ಮಾಲೀಕರಿಗೆ ಕೇಳ್ತಾ ಇದೀವಿ, ಕೆಲವರು ಒಪ್ಪಿದಾರೆ, ಉಳಿದವರಿಗೆ ಫಿಲ್ಟರ್ ಸೆಟ್ ಜೊತೇಲೇ ಸೇರಿಸಿ ಬಿಲ್ ಮಾಡೋಣ ಅಂತ ಮಾತಾಡ್ಕೊಂಡಿದೀವಿ.