ಫೋ ತರಿಸುವುದಾದರೆ ಎಲ್ಲ ಬೇರೆಬೇರೆ ಕೇಳಿ

ವಿಯೆಟ್ನಾಂ ಊಟ, ಅದರಲ್ಲೂ ಫೋ ಅನ್ನುವ ಸಾರು-ಶ್ಯಾವಿಗೆ, ಮನೆಗೆ ತರಿಸಬೇಕು ಅಂತಿರುವವರಿಗೆ ನಾನು ಹೇಳುವುದು ಇಷ್ಟೇ. ಆ್ಯಪ್ ತೆಗೆಯುವ ಮೊದಲು ಹೋಟೆಲಿಗೆ ಫೋನ್ ಮಾಡಿ. ಅದೂ ಹತ್ತಿರದ ಹೋಟೆಲಿಗೆ. ಸಾರು ಬೇರೆ, ಶ್ಯಾವಿಗೆ ಬೇರೆ, ಸೊಪ್ಪು ಬೇರೆ ಕಟ್ಟಿ ಕೊಡ್ತೀರಾ ಅಂತ ಕೇಳಿ. ಹೂಂ ಅಂದರೆ ತರಿಸಿ. ಆಗಲ್ಲ, ಎಲ್ಲ ಒಂದೇ ಡಬ್ಬಿಯಲ್ಲಿ ಅಂದರೆ ಅವತ್ತು ಅಲ್ಲೇ ಹೋಗಿ ಕೂತು ತಿಂದು ಬನ್ನಿ.

ನಾವಿರುವುದು ಪುಣೆಯ ಕರ್ವೆ ನಗರದಲ್ಲಿ. ನನ್ನ ತವರು ಧಾರವಾಡ. ಮನೆಯಲ್ಲಿ ಗಂಡ, ಮಗ ಕೋಳಿ ತಿನ್ನುತ್ತಾರೆ. ನಾನು ತಿನ್ನುವುದಿಲ್ಲ, ಅಪ್ಪ ಅಂತೂ ಮೊಟ್ಟೆಯ ವಾಸನೆಯನ್ನೂ ಸಹಿಸುವುದಿಲ್ಲ. ಹುಬ್ಬಳ್ಳಿಯಿಂದ ಪುಣೆಗೆ ವಂದೇ ಭಾರತ್ ಶುರುವಾದ ಮೇಲೆ ಅವರು ಬಂದು ಹೋಗುವುದು ಜಾಸ್ತಿಯಾಗಿದೆ. ಇಷ್ಟು ಯಾಕೆ ಹೇಳಿದೆ ಅಂದರೆ, ಒಂದೇ ಮೇಜಿನ ಮೇಲೆ ಎರಡು ಥರದ ಊಟ ನಡೆಯುವ ಮನೆಗೆ ವಿಯೆಟ್ನಾಂ ಅಡುಗೆ ತುಂಬ ಚೆನ್ನಾಗಿ ಹೊಂದುತ್ತದೆ. ಆದರೆ ಅದಕ್ಕೆ ಮೊದಲು ಕೆಲವು ವಿಷಯ ವಿಚಾರಿಸಿಕೊಂಡಿರಬೇಕು.

ಫೋ ಅಂದರೆ ಅಕ್ಕಿಯ ಅಗಲ ಶ್ಯಾವಿಗೆ, ಮೇಲೆ ಕುದಿಯುವ ಸಾರು, ಜೊತೆಗೆ ಹಸಿ ಸೊಪ್ಪು ಮತ್ತು ನಿಂಬೆಹಣ್ಣು. ಇದು ಹುಟ್ಟಿದ್ದು ಉತ್ತರ ವಿಯೆಟ್ನಾಮಿನಲ್ಲಿ, ಹನೋಯ್ ಮತ್ತು ನಾಮ್ ದಿನ್ ಕಡೆ, 20ನೇ ಶತಮಾನದ ಶುರುವಿನಲ್ಲಿ. ಅಂದರೆ ಬಹಳ ಹಳೆಯ ಅಡುಗೆಯೇನಲ್ಲ. ಆಗ ಅಲ್ಲಿ ಫ್ರೆಂಚರ ಆಡಳಿತ ಇತ್ತು. 1954ರಲ್ಲಿ ದೇಶ ಎರಡಾದಾಗ ಉತ್ತರದಿಂದ ಲಕ್ಷಾಂತರ ಜನ ದಕ್ಷಿಣಕ್ಕೆ ಹೋದರು. ಅವರ ಜೊತೆ ಫೋ ಕೂಡ ಹೋಯಿತು. ದಕ್ಷಿಣದ ಸೈಗಾನ್ ನಗರದ ಜನ ಅದಕ್ಕೆ ಮೊಳಕೆ ಕಾಳು, ತುಳಸಿ ಜಾತಿಯ ಸೊಪ್ಪು, ಸಿಹಿ ಸಾಸ್ ಎಲ್ಲ ಸೇರಿಸಿಕೊಂಡರು. ನಮ್ಮಲ್ಲಿಯ ಹೋಟೆಲುಗಳಲ್ಲಿ ಸಿಗುವುದು ಹೆಚ್ಚಾಗಿ ಈ ದಕ್ಷಿಣದ ರೀತಿಯದು. ವಿಯೆಟ್ನಾಮಿನಲ್ಲಿ ದನದ ಮಾಂಸದ ಫೋ ಹೆಚ್ಚು. ಮಹಾರಾಷ್ಟ್ರದಲ್ಲಿ 2015ರಿಂದ ಎತ್ತು, ಹೋರಿ ಕಡಿಯುವುದಕ್ಕೂ ನಿಷೇಧ ಇದೆ, ಹಾಗಾಗಿ ನಮ್ಮ ಹೋಟೆಲಿನಲ್ಲಿ ಮಾಡುವುದು ಕೋಳಿಯದು, ಇಲ್ಲವೇ ಸಸ್ಯಾಹಾರಿ.

ಇದರ ಜೀವ ಸಾರಿನಲ್ಲಿದೆ. ಶುಂಠಿ, ಈರುಳ್ಳಿಯನ್ನು ನೇರ ಬೆಂಕಿಯ ಮೇಲೆ ಇಟ್ಟು ಸಿಪ್ಪೆ ಕರಕಲಾಗುವಷ್ಟು ಸುಡುತ್ತಾರೆ. ಆಮೇಲೆ ಕರಿದಾದ್ದನ್ನು ಕೆರೆದು ಪಾತ್ರೆಗೆ ಹಾಕುತ್ತಾರೆ. ಚಕ್ಕೆ, ಲವಂಗ, ಕೊತ್ತಂಬರಿ ಬೀಜ, ದೊಡ್ಡ ಏಲಕ್ಕಿ, ಅನಾನಸ್ ಹೂವನ್ನು ಎಣ್ಣೆ ಹಾಕದೆ ಹುರಿದು ಬಟ್ಟೆಯಲ್ಲಿ ಕಟ್ಟಿ ಇಳಿಬಿಡುತ್ತಾರೆ. ದನದ ಮೂಳೆಯಾದರೆ ತಾಸುಗಟ್ಟಲೆ, ಕೋಳಿಯಾದರೆ ಸ್ವಲ್ಪ ಕಡಿಮೆ ಹೊತ್ತು, ಸಣ್ಣ ಉರಿಯಲ್ಲಿ. ಜೋರಾಗಿ ಕುದಿಸಿದರೆ ಸಾರು ಕದಡುತ್ತದೆ. ಒಳ್ಳೆಯ ಫೋ ಸಾರು ತಿಳಿಯಾಗಿರಬೇಕು, ಬಟ್ಟಲಿನ ತಳ ಕಾಣಬೇಕು. ಈ ಮಸಾಲೆಗಳೆಲ್ಲ ನಮ್ಮ ಡಬ್ಬಿಯಲ್ಲೂ ಇವೆ. ಆದರೂ ಖಾರ ಇಲ್ಲದೆ, ಎಣ್ಣೆಯ ಒಗ್ಗರಣೆ ಇಲ್ಲದೆ, ಬರೀ ನೀರಿಗೆ ಅವುಗಳ ಘಮ ಇಳಿದು ಬರುವುದನ್ನು ನಾನು ಮೊದಲು ಕಂಡದ್ದು ಫೋ ಸಾರಿನಲ್ಲೇ.

ಇಂಥ ಸಾರಿನಲ್ಲಿ ಶ್ಯಾವಿಗೆ ಹಾಕಿಟ್ಟರೆ ಏನಾಗುತ್ತದೆ ಗೊತ್ತಲ್ವಾ? ಅದು ಅಕ್ಕಿ. ಸಾರನ್ನೆಲ್ಲ ಕುಡಿದು ಉಬ್ಬುತ್ತದೆ. ಒಮ್ಮೆ ಊರಿನ ಆ ತುದಿಯ ಹೋಟೆಲೊಂದರಿಂದ ಆ್ಯಪ್‌ನಲ್ಲಿ ತರಿಸಿದ್ದೆವು. ಹೆಸರು ಬೇಡ. ನಲ್ ಸ್ಟಾಪ್‌ನ ಟ್ರಾಫಿಕ್ಕು, ಮೇಲೆ ಮಳೆ. ಡಬ್ಬಿ ತೆಗೆದರೆ ಸಾರೇ ಇಲ್ಲ, ಬೆಳ್ಳಗಿನ ಮುದ್ದೆ, ನಡುವೆ ಕಪ್ಪಾದ ಸೊಪ್ಪು. ಮಗ ಒಂದು ಚಮಚ ತಿಂದು ಬಿಟ್ಟ. ದುಡ್ಡು ಹೋದದ್ದಕ್ಕಿಂತ, ಯಾರೋ ಅಷ್ಟು ಹೊತ್ತು ಒಲೆ ಮುಂದೆ ನಿಂತು ಕಾಯಿಸಿದ ಸಾರು ಹಾಗೆ ಹಾಳಾಯಿತಲ್ಲ ಅಂತ ನನಗೆ ಬಹಳ ಬೇಜಾರಾಯಿತು.

ಈಗ ನಾವು ತರಿಸುವ ಹೋಟೆಲು ಮನೆಯಿಂದ ಎರಡು ಸಿಗ್ನಲ್ ಆಚೆ ಇದೆ. ಆರೇಳು ಮೇಜು ಇರುವ ಜಾಗ. ಅಡುಗೆಮನೆಯಲ್ಲಿ ಇರುವವರು ಡಾರ್ಜಿಲಿಂಗ್ ಕಡೆಯವರು. ಫೋನ್ ಎತ್ತುವ ಹುಡುಗಿಗೆ ನನ್ನ ದನಿ ಗುರುತು ಸಿಕ್ಕಿಬಿಟ್ಟಿದೆ. "ದೀದಿ, ಸಬ್ ಅಲಗ್ ಅಲಗ್, ಹೈ ನಾ?" ಅಂತ ಅವಳೇ ಕೇಳುತ್ತಾಳೆ.

ಪಾರ್ಸಲ್ ಸಾಮಾನ್ಯವಾಗಿ ಬರುವುದು ಹೀಗೆ. ಸಾರಿನ ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಮೇಲೆ ಮುಚ್ಚಳ, ಅದರ ಮೇಲೆ ರಬ್ಬರ್ ಬ್ಯಾಂಡ್. ಮುಟ್ಟಿದರೆ ಕೈ ಚುರ್ ಅನ್ನಬೇಕು. ಶ್ಯಾವಿಗೆ ಅರೆಬೆಂದದ್ದು, ತಣ್ಣಗೆ, ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಅದಕ್ಕೆ ಗಾಬರಿ ಬೇಡ. ಸೊಪ್ಪನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿರುತ್ತಾರೆ: ಪುದೀನ, ಕೊತ್ತಂಬರಿ, ಈರುಳ್ಳಿ ಸೊಪ್ಪು, ನೇರಳೆ ದಂಟಿನ, ತುಳಸಿ ಜಾತಿಯ ಥಾಯ್ ಬೇಸಿಲ್. ಕಾಗದ ಬಿಚ್ಚಿದ ಕೂಡಲೇ ಮೊದಲು ಮೂಗಿಗೆ ಬರುವುದು ಈ ಬೇಸಿಲ್‌ನ ಘಮ, ಸೋಂಪಿನ ಹತ್ತಿರದ್ದು. ಆಮೇಲೆ ಮೊಳಕೆ ಕಾಳಿನ ಚೀಲ, ನಿಂಬೆಯ ಹೋಳು, ಹಸಿಮೆಣಸಿನಕಾಯಿ ಚೂರು.

ನಾನು ಮಾಡುವುದು ಹೀಗೆ. ಸಾರನ್ನು ಪಾತ್ರೆಗೆ ಸುರಿದು ಒಲೆ ಮೇಲೆ ಇಡುತ್ತೇನೆ. ಇದು ಬಡಿಸುವ ಹೊತ್ತಿನ ಕುದಿ, ಗಳಗಳ ಅನ್ನಬೇಕು. ಪಕ್ಕದ ಒಲೆಯಲ್ಲಿ ಬಿಸಿನೀರು. ಬಟ್ಟಲುಗಳಿಗೆ ಸ್ವಲ್ಪ ಬಿಸಿನೀರು ಹಾಕಿ ಚೆಲ್ಲುತ್ತೇನೆ. ತಣ್ಣನೆ ಬಟ್ಟಲು ಸಾರಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಶ್ಯಾವಿಗೆಯನ್ನು ಜಾಲರಿಯಲ್ಲಿ ಹಾಕಿ ಕುದಿನೀರಿನಲ್ಲಿ ಮುಳುಗಿಸಿ ಎತ್ತಬೇಕು ಅಷ್ಟೇ, ಎಳೆ ಬಿಡಿಸಿಕೊಳ್ಳುತ್ತದೆ. ಅಲ್ಲಿಯೇ ಬಿಟ್ಟರೆ ಮತ್ತೆ ಮುದ್ದೆ. ಬಟ್ಟಲಿಗೆ ಶ್ಯಾವಿಗೆ, ಅದರ ಮೇಲೆ ಕೋಳಿಯೋ ತೋಫು ಅನ್ನುವ ಸೋಯಾ ಪನೀರೋ, ಮೇಲಿಂದ ಸಾರು. ಎಲ್ಲರೂ ಕೂತ ಮೇಲೆ ಸಾರು ಹಾಕಬೇಕು, ಮೊದಲೇ ಹಾಕಿ ಕರೆಯುವಂತಿಲ್ಲ. ಸಾರನ್ನು ಬರಿದೇ ರುಚಿ ನೋಡಿದರೆ ಉಪ್ಪು ತುಸು ಮುಂದೆ ಅನಿಸುತ್ತದೆ. ಶ್ಯಾವಿಗೆಗೆ ಉಪ್ಪೇ ಇರುವುದಿಲ್ಲ, ಎರಡೂ ಸೇರಿದಾಗ ಸರಿಯಾಗುತ್ತದೆ. ನೀರು ಬೆರೆಸಬೇಡಿ. ಮತ್ತೆ ನಿಂಬೆ ಹಿಂಡುವ ಮೊದಲು ಎರಡು ಚಮಚ ಸಾರು ಕುಡಿದು ನೋಡಿ. ಸಾಸ್ ಸುರಿದ ಮೇಲೆ ಎಲ್ಲ ಸಾರೂ ಒಂದೇ ರುಚಿ.

ಸೊಪ್ಪಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನ್ನ ಪರಿಚಯದವರು ಸುಮಾರು ಜನ ಆ ಸೊಪ್ಪನ್ನು ಅಲಂಕಾರಕ್ಕೆ ಕೊಟ್ಟಿದ್ದು ಅಂತ ಪಕ್ಕಕ್ಕೆ ಸರಿಸುತ್ತಾರೆ. ಅಪ್ಪ ಹಾಗೆ ಮಾಡಲಿಲ್ಲ. ಧಾರವಾಡದ ಕಡೆ ಜೋಳದ ರೊಟ್ಟಿ ಊಟಕ್ಕೆ ಕೂತರೆ ತಾಟಿನ ಬದಿಗೆ ಹಸಿ ಮೆಂತ್ಯ, ಹಕ್ಕರಿಕೆ, ಉಳ್ಳಾಗಡ್ಡಿ ತಪ್ಪಲು ಇರಲೇಬೇಕು, ಫೋ ಜೊತೆ ಬರುವ ಸೊಪ್ಪಿನ ತಟ್ಟೆಯೂ ಹಾಗೆಯೇ. ಅಪ್ಪ ಬೇಸಿಲ್ ಎಲೆಯನ್ನು ದಂಟಿನಿಂದ ಕಿತ್ತು, ಬೆರಳಲ್ಲಿ ತಿಕ್ಕಿ ವಾಸನೆ ನೋಡಿದರು. ಅರ್ಧವನ್ನು ಸಾರಿನಲ್ಲಿ ಮುಳುಗಿಸಿದರು, ಅರ್ಧವನ್ನು ಹಸಿಯಾಗೇ ಬಾಯಿಗೆ ಹಾಕಿಕೊಂಡರು. "ಹಸಿ ತಪ್ಪಲಾ ಹಿಂಗ ತಿನ್ನೋ ಮಂದಿ ಅಂದ್ರ ಛಲೋ ಒಕ್ಕಲುತನದ ಮಂದಿ ಇರಬೇಕು ಬಿಡವಾ," ಅಂದರು. ಆಮೇಲೆ, "ಈ ತಪ್ಪಲಾ ಇನ್ನೊಂದಿಷ್ಟು ಐತೇನು?" ಅಂತ ಕೇಳಿದರು. ಅವರು ಹೇಳಿದ್ದು ಸರಿ. ವಿಯೆಟ್ನಾಮಿನ ಮೆಕಾಂಗ್ ನದಿಯ ಬಯಲು ಜಗತ್ತಿನ ದೊಡ್ಡ ಭತ್ತದ ಕಣಜಗಳಲ್ಲಿ ಒಂದು. ಅಕ್ಕಿಯಿಂದಲೇ ಶ್ಯಾವಿಗೆ, ಅಕ್ಕಿಯಿಂದಲೇ ರೋಲ್ ಸುತ್ತುವ ಹಾಳೆ, ಸುತ್ತ ಹಿತ್ತಲಿನ ಸೊಪ್ಪು. ಅದು ಪೂರ್ತಿ ರೈತರ ಊಟ.

ಸಸ್ಯಾಹಾರಿಗಳು ಮಾತ್ರ ಒಂದು ಕಡೆ ಎಚ್ಚರವಾಗಿರಬೇಕು. ಫಿಶ್ ಸಾಸ್. ಆಂಚೋವಿ ಅನ್ನುವ ಸಣ್ಣ ಮೀನನ್ನು ಉಪ್ಪಿನ ಜೊತೆ ದೊಡ್ಡ ಮರದ ಪೀಪಾಯಿಗಳಲ್ಲಿ ತುಂಬಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಕೆಳಗೆ ಇಳಿಯುವ ಕೆಂಚು ಬಣ್ಣದ ನೀರೇ ಈ ಸಾಸ್. ಫು ಕುವೊಕ್ ದ್ವೀಪದ್ದು ಬಹಳ ಹೆಸರುವಾಸಿ, 2012ರಲ್ಲಿ ಯುರೋಪಿಯನ್ ಯೂನಿಯನ್ ಆ ಹೆಸರಿಗೆ ರಕ್ಷಣೆ ಕೊಟ್ಟಿತು, ನಮ್ಮ ಧಾರವಾಡ ಪೇಡಾಕ್ಕೆ ಆ ಊರಿನದೇ ಅನ್ನುವ ಜಿಐ ಮಾನ್ಯತೆ ಇದ್ದ ಹಾಗೆ. ವಿಯೆಟ್ನಾಂ ಅಡುಗೆಯಲ್ಲಿ ಉಪ್ಪಿನ ಜಾಗದಲ್ಲಿ ಇರುವುದೇ ಇದು. ಹಾಗಾಗಿ ಮೆನುವಿನಲ್ಲಿ ಹಸಿರು ಚುಕ್ಕೆ ಕಂಡ ಮಾತ್ರಕ್ಕೆ ಸುಮ್ನೆ ಒತ್ತಿಬಿಡಬೇಡಿ. ತೋಫು, ತರಕಾರಿ ಹಾಕಿದ ರೋಲ್ ಆದರೂ ಜೊತೆಗೆ ಬರುವ ತೆಳು ಚಟ್ನಿಯಲ್ಲಿ ಇದು ಇರಬಹುದು.

ನಾನು ಮೊದಲ ಸಲ ಕೇಳಿದಾಗ ಆ ಹುಡುಗಿ ಫೋನ್ ಹಿಡಿದುಕೊಂಡೇ ಒಳಗೆ ಹೋಗಿ ವಿಚಾರಿಸಿ ಬಂದಳು. "ಸಾರಿನಲ್ಲಿ ಇಲ್ಲ ದೀದಿ, ಚಟ್ನಿಯಲ್ಲಿ ಇದೆ" ಅಂತ ನೇರವಾಗಿ ಹೇಳಿದಳು. ಅವತ್ತೇ ನಮಗೆ ಸೋಯಾ ಸಾಸ್, ನಿಂಬೆ, ಸಕ್ಕರೆ, ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಬೇರೆ ಮಾಡಿ ಕಳಿಸಿದರು. ಆ ಒಂದು ಉತ್ತರಕ್ಕೆ ನಾವು ಆ ಹೋಟೆಲಿನ ಕಾಯಂ ಗಿರಾಕಿಗಳಾದೆವು. ಗೊತ್ತಿಲ್ಲದೆ ಅಪ್ಪನಿಗೆ ಮೀನು ತಿನ್ನಿಸಿಬಿಟ್ಟಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ನೀವೂ ಸಂಕೋಚ ಮಾಡದೆ ಕೇಳಿ. ಇದು ಅವರಿಗೂ ಹೊಸ ಪ್ರಶ್ನೆಯಲ್ಲ. ವಿಯೆಟ್ನಾಮಿನ ಬೌದ್ಧರಲ್ಲಿ ಎಷ್ಟೋ ಜನ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಮಾಂಸ, ಮೀನು ಮುಟ್ಟುವುದಿಲ್ಲ. ನಮ್ಮಲ್ಲಿ ಅಮಾವಾಸ್ಯೆ, ಹುಣ್ಣಿಮೆ ನೋಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ದಿನಗಳಿಗೆ ಅಂತಲೇ ಅಣಬೆ, ಮೂಲಂಗಿ, ಕ್ಯಾರೆಟ್ ಹಾಕಿ ಕುದಿಸಿದ ಸಾರಿನ ಫೋ ಅಲ್ಲಿ ಸಿಗುತ್ತದೆ. ಅಂದರೆ ಸಸ್ಯಾಹಾರಿ ಫೋ ನಮಗಾಗಿ ಯಾರೋ ಇಲ್ಲಿ ಕೂತು ಹೊಂದಿಸಿದ್ದಲ್ಲ, ಅಲ್ಲಿಯದೇ.

ಉಳಿದದ್ದರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ರೈಸ್ ಪೇಪರ್ ರೋಲ್ ಬಂದ ಕೂಡಲೇ ಮೊದಲು ಅದನ್ನೇ ತಿನ್ನಿ. ಅಕ್ಕಿ ಹಿಟ್ಟನ್ನು ಆವಿಯ ಮೇಲೆ ಕಟ್ಟಿದ ಬಟ್ಟೆಗೆ ತೆಳ್ಳಗೆ ಹಚ್ಚಿ, ಬೇಯಿಸಿ, ಬಿದಿರಿನ ತಟ್ಟಿಯ ಮೇಲೆ ಬಿಸಿಲಿಗೆ ಒಣಗಿಸಿದ ಹಾಳೆ ಅದು. ನೀರಲ್ಲಿ ಅದ್ದಿ ಮೆತ್ತಗಾದ ಮೇಲೆ ಸುತ್ತಿರುತ್ತಾರೆ. ಫ್ರಿಜ್ಜಿನಲ್ಲಿ ಇಟ್ಟರೆ ಬಿರುಸಾಗಿ ಬಿರಿಯುತ್ತದೆ, ಬಿಸಿ ಮಾಡಿದರೆ ಅಂಟಾಗುತ್ತದೆ.

ಬಾನ್ ಮಿ ಅಂದರೆ ಫ್ರೆಂಚರಿಂದ ಬಂದ ಉದ್ದ ಬ್ರೆಡ್ಡು, ಒಳಗೆ ವಿಯೆಟ್ನಾಮಿನ ಹೂರಣ. ಅದನ್ನು ಕಾಗದದಲ್ಲಿ ಸುತ್ತಿ ಕೊಡಲು ಹೇಳಿ. ಫಾಯಿಲ್‌ನಲ್ಲಿ ಸುತ್ತಿದರೆ ಒಳಗಿನ ಹಬೆಗೆ ಮೇಲಿನ ಗರಿ ಹೋಗುತ್ತದೆ. ವಿನಿಗರ್‌ನಲ್ಲಿ ನೆನೆದ ಕ್ಯಾರೆಟ್, ಮೂಲಂಗಿ ಬೇರೆ ಚೀಲದಲ್ಲಿ ಬಂದರೆ ಒಳ್ಳೆಯದು, ಬ್ರೆಡ್ಡನ್ನು ಹೆಂಚಿನ ಮೇಲೆ ಹೊರಳಿಸಿ ಆಮೇಲೆ ತುಂಬಬಹುದು.

ಅರಿಶಿನ, ತೆಂಗಿನ ಹಾಲು ಹಾಕಿ ಮಾಡುವ ದೋಸೆಯಂಥ ಗರಿಗರಿ ಬಾನ್ ಸೆಯೊವನ್ನು ಮಾತ್ರ ಮನೆಗೆ ತರಿಸಬೇಡಿ. ಡಬ್ಬಿಯಲ್ಲಿ ಅದು ಉಳಿಯುವುದೇ ಇಲ್ಲ. ಅದನ್ನು ಹೋಟೆಲಿನಲ್ಲಿ, ಬಾಣಲೆಯಿಂದ ಇಳಿದ ತಕ್ಷಣ ತಿನ್ನಬೇಕು.

ಕಾಫಿ ಮನೆಯಲ್ಲೇ ಮಾಡಿಕೊಳ್ಳಿ ಅನ್ನುತ್ತೇನೆ. ಕಾಫಿ ಬೆಳೆಯುವುದರಲ್ಲಿ ಬ್ರೆಜಿಲ್ ಬಿಟ್ಟರೆ ವಿಯೆಟ್ನಾಮೇ ದೊಡ್ಡದು, ಹೆಚ್ಚಿನದು ರೊಬಸ್ಟಾ. ನಮ್ಮ ಕೊಡಗಿನಲ್ಲೂ ರೊಬಸ್ಟಾ ಬೆಳೆಯುತ್ತದಲ್ಲ. ಗಟ್ಟಿ ಡಿಕಾಕ್ಷನ್ ಇಳಿಸಿ, ಲೋಟದ ತಳಕ್ಕೆ ಕಂಡೆನ್ಸ್ಡ್ ಹಾಲು ಹಾಕಿ, ಮೇಲೆ ಐಸ್. ಪಾರ್ಸಲ್‌ನಲ್ಲಿ ಬರುವುದು ಕರಗಿದ ಐಸಿನ ನೀರು.

ಕೊನೆಗೆ ಡಬ್ಬಿಯ ಮಾತು. ಕುದಿಯುವ ಸಾರನ್ನು ತೆಳು ಪ್ಲಾಸ್ಟಿಕ್‌ನಲ್ಲಿ ತರಿಸುವುದು ನನಗೆ ಯಾವತ್ತೂ ಮನಸ್ಸಿಗೆ ಬರುತ್ತಿರಲಿಲ್ಲ. ಮಹಾರಾಷ್ಟ್ರದಲ್ಲಿ 2018ರಲ್ಲಿ ಪ್ಲಾಸ್ಟಿಕ್ ನಿಷೇಧ ಬಂದಾಗ ನಾಲ್ಕು ದಿನ ಎಲ್ಲರೂ ಮನೆಯಿಂದ ಪಾತ್ರೆ ಹಿಡಿದು ಹೋಗುತ್ತಿದ್ದೆವು, ಆಮೇಲೆ ಬಿಟ್ಟೆವು. ಈಗ ನಾನು ಮತ್ತೆ ಶುರು ಮಾಡಿದ್ದೇನೆ. ಗಂಡ ಕೆಲಸಕ್ಕೆ ಹೋಗುವಾಗ ಎರಡು ಸ್ಟೀಲ್ ಕ್ಯಾನ್ ಹೋಟೆಲಿನಲ್ಲಿ ಕೊಟ್ಟು ಹೋಗುತ್ತಾರೆ. ಒಂದಕ್ಕೆ ಕೆಂಪು ದಾರ ಕಟ್ಟಿದ್ದೇನೆ, ಅದು ಕೋಳಿ ಸಾರಿಗೆ. ಇನ್ನೊಂದು ಅಪ್ಪನದು, ನನ್ನದು. ಸಂಜೆ ಹೋಟೆಲಿನ ಹುಡುಗನೇ ಸ್ಕೂಟರಿನಲ್ಲಿ ಕಾಲ ನಡುವೆ ಇಟ್ಟುಕೊಂಡು ತರುತ್ತಾನೆ, ಒಂದು ಹನಿ ಚೆಲ್ಲುವುದಿಲ್ಲ. ತರಕಾರಿ ಸಾರು ಅವರು ಕಡಿಮೆ ಮಾಡುತ್ತಾರೆ, ಅದಕ್ಕೆ ಮಧ್ಯಾಹ್ನವೇ ಹೇಳಿಡಬೇಕು. ನೀವೂ ನಿಮ್ಮ ಹತ್ತಿರದ ಹೋಟೆಲಿನವರನ್ನು ಕೇಳಿ ನೋಡಿ. ನಮ್ಮವರಂತೂ ಒಂದೇ ಮಾತಿಗೆ ಒಪ್ಪಿದರು. ದರ ಅದೇ, ಸಾರು ಮಾತ್ರ ಒಂದು ಸೌಟು ಜಾಸ್ತಿ ಬರುತ್ತದೆ.