ಉಪ್ಪು ನೋಡದೆ ಸೋಡಾ ಹಾಕೋಕೆ ಹೊರಟಿದ್ದೆ

ಮನೇಲಿ ಸಮುದ್ರದ ಮೀನಿನ ಉಪ್ಪುನೀರಿನ ಟ್ಯಾಂಕ್ ಶುರು ಮಾಡಿ ನಾಲ್ಕು ತಿಂಗಳಾಯ್ತು, ಎರಡು ಕ್ಲೌನ್ ಮೀನು ಆರಾಮಾಗಿವೆ ಅನ್ನೋ ಧೈರ್ಯದಲ್ಲಿ ಹೋದ ತಿಂಗಳು ಮೊದಲ್ನೇ ಸಲ ಕೋರಲ್, ಅಂದ್ರೆ ಜೀವಂತ ಹವಳ ತಂದೆ. ಒಂದು ಸಣ್ಣ ಕಲ್ಲಲ್ಲಿ ಹದಿನೈದಿಪ್ಪತ್ತು ಹಸಿರು ಝೋಯಾ, ಇನ್ನೊಂದರಲ್ಲಿ ಮೂರು ಮಶ್ರೂಮ್ ಕೋರಲ್, ಎರಡೂ ಮೆತ್ತನೆ ಜಾತಿ. ಗಟ್ಟಿ ಕೋರಲ್ ಯಾಕೆ ತರ್ಲಿಲ್ಲ ಅಂತ ಕೇಳ್ಬೇಡಿ, ರೀಫ್ ಕಟ್ಟೋ ಆ ಜಾತಿಗಳೆಲ್ಲ 1972ರ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಲ್ಲಿವೆ, ಹುಲಿ ಇರೋ ಪಟ್ಟಿನೇ ಅದು. ಅವನ್ನ ನೋಡ್ಬೇಕಂದ್ರೆ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿಗೆ ಇಳೀರಿ.

ಅಂಗಡೀಲಿ ಪುಟ್ಟ ಸೇವಂತಿಗೆ ಥರ ಅರಳಿಕೊಂಡಿದ್ದ ಝೋಯಾಗಳು ಮನೆಗೆ ಬಂದು ಮೂರು ದಿನ ಆದ್ರೂ ಮೊಗ್ಗಾಗೇ ಕೂತಿದ್ವು. ಮಶ್ರೂಮ್ ಅಂತೂ ಮುದುಡಿ ನೆನೆಸಿಟ್ಟ ಒಣದ್ರಾಕ್ಷಿ ಥರ ಆಗಿತ್ತು. ಸರಿ, ಟೆಸ್ಟ್ ಕಿಟ್ ತೆಗೆದೆ. ಆಲ್ಕಲಿನಿಟಿಗೆ (ನೀರಿನ ಕ್ಷಾರತೆ) ಒಂದೊಂದೇ ಹನಿ ಹಾಕ್ತಾ ಅಲ್ಲಾಡಿಸ್ತಾ ಹೋದ್ರೆ ಏಳನೇ ಹನಿಗೇ ನೀಲಿ ಹೋಗಿ ಹಳದಿ ಬಂತು, ಅಂದ್ರೆ 7 ಡಿಕೆಎಚ್, ಅದು ಕ್ಷಾರತೆಯ ಅಳತೆ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕ್ಯಾಲ್ಸಿಯಂ 360, ಮೆಗ್ನೀಸಿಯಂ 1110. ಇರ್ಬೇಕು ಅಂತ ನಾನು ಅಂದ್ಕೊಂಡಿದ್ದು 8, 420, 1300. ತಕ್ಷಣ ಲೆಕ್ಕ ಹಾಕ್ದೆ, 100 ಲೀಟರ್ ನೀರಿಗೆ 1 ಡಿಕೆಎಚ್ ಏರಿಸೋಕೆ 3 ಗ್ರಾಂ ಅಡುಗೆ ಸೋಡಾ ಸಾಕು, ಕ್ಯಾಲ್ಸಿಯಂಗೆ ಒಂದು ಬಾಟ್ಲು, ಮೆಗ್ನೀಸಿಯಂಗೆ ಇನ್ನೊಂದು ಬಾಟ್ಲು, ಎಲ್ಲಾ ಕಾರ್ಟ್‌ಗೆ ಹಾಕಿ ಆಗಿತ್ತು.

ಅಡುಗೆಮನೆಗೆ ಸೋಡಾ ಡಬ್ಬಿ ಕೇಳೋಕೆ ಹೋದ್ರೆ ಅಮ್ಮ, "ಅದೇನು ಮೀನಿಗೆ ಬೋಂಡಾ ಮಾಡ್ತೀಯಾ? ಮೊದ್ಲು ಉಪ್ಪು ಸರಿ ಇದ್ಯಾ ನೋಡೋ" ಅಂದ್ರು. ತಮಾಷೆಗೇ ಅಂದಿದ್ದು, ಆದ್ರೆ ನಂಗೆ ಅಲ್ಲೇ ಹೊಳೀತು. ಮೂರೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ, ಸುಮಾರು ಏಳರಲ್ಲಿ ಒಂದು ಪಾಲು ಕಡಿಮೆ ಇವೆ. ಕೋರಲ್ ತಂದ ಮೂರೇ ದಿನಕ್ಕೆ, ಅದೂ ಮುಚ್ಕೊಂಡು ಕೂತಿರೋ ಝೋಯಾ ಇಷ್ಟು ಮೆಗ್ನೀಸಿಯಂ ಎಲ್ಲಿ ತಿನ್ನತ್ತೆ? ಮೂರೂ ನೀರಿಗೆ ಕಲಸೋ ಉಪ್ಪಿನ ಜೊತೆಗೇ ಬರೋವು, ಒಟ್ಟಿಗೆ ಇಳಿದಿವೆ ಅಂದ್ರೆ ನೀರೇ ತೆಳು, ಉಪ್ಪೇ ಕಮ್ಮಿ.

ಉಪ್ಪು ಅಳೆಯೋ ರಿಫ್ರಾಕ್ಟೋಮೀಟರ್ ಮಾತ್ರ ಸರಿಯಾಗಿ 35, ಅಂದ್ರೆ ಸಮುದ್ರದ ನೀರಿನಷ್ಟೇ ಉಪ್ಪು ತೋರಿಸ್ತಿತ್ತು. ಅದನ್ನ ನಾನು ಆರ್‌ಓ ನೀರು ಹಾಕಿ ಸೊನ್ನೆಗೆ ಸೆಟ್ ಮಾಡಿದ್ದೆ, ಅಷ್ಟು ಸಾಕು ಅಂತ. 35ರ ಕ್ಯಾಲಿಬ್ರೇಷನ್ ದ್ರವ ತಂದು ಎರಡು ಹನಿ ಗಾಜಿನ ಮೇಲೆ ಬಿಟ್ಟು ಕಿಟಕಿ ಕಡೆ ಹಿಡಿದು ನೋಡಿದ್ರೆ ನೀಲಿ ಗೆರೆ 40ರ ಮೇಲೆ ನಿಂತಿತ್ತು! ಅಂದ್ರೆ ನನ್ನ ಟ್ಯಾಂಕ್ ನಿಜಕ್ಕೂ 30ರ ಆಸುಪಾಸು. ಮೀನು ಅದನ್ನ ತಡ್ಕೊಳತ್ತೆ, ಕೋರಲ್‌ಗೆ ಆಗಲ್ಲ.

ಒಂದೇ ಸಲ ಉಪ್ಪು ಸುರಿದ್ರೆ ಇರೋದೂ ಸಾಯತ್ತೆ. ದಿನಾ ಎರಡು ಲೀಟರ್ ಆವಿಯಾಗ್ತಿತ್ತು, ಅದರ ಜಾಗಕ್ಕೆ ಬರೀ ಆರ್‌ಓ ನೀರು ಹಾಕ್ತಿದ್ದೋನು ಈಗ ಸರಿಯಾಗಿ ಕಲಸಿದ 35ರ ಉಪ್ಪುನೀರು ಹಾಕ್ದೆ. ಲೀಟರಿಗೆ 35 ಗ್ರಾಂ ಅಂದ್ರೆ ದಿನಕ್ಕೆ 70 ಗ್ರಾಂ ಉಪ್ಪು, 100 ಲೀಟರಿಗೆ 0.7 ಏರಿಕೆ, ಒಂದು ವಾರಕ್ಕೆ 35. ಆಮೇಲೆ ಮತ್ತೆ ಆರ್‌ಓ ನೀರು. ಸೋಡಾ ಒಂದು ಚಿಟಿಕೆನೂ ಹಾಕಿಲ್ಲ, ಆದ್ರೂ ಎಂಟನೇ ಹನಿಗೆ ಬಣ್ಣ ತಿರುಗ್ತು.

ಝೋಯಾಗಳು ಒಂಬತ್ತನೇ ದಿನ ಅರಳಿದ್ವು, ಅಂಚಲ್ಲಿರೋ ನಾಲ್ಕು ಬಿಟ್ಟು. ಮಶ್ರೂಮಲ್ಲಿ ಒಂದು ಕಲ್ಲು ಬಿಟ್ಟು ತೇಲ್ಕೊಂಡು ಪಂಪ್ ಹಿಂದೆ ಹೋಗಿ ಸೇರ್ಕೊಂಡಿದೆ, ಅಲ್ಲೇ ಚೆನ್ನಾಗಿ ಅಗಲ ಆಗಿದೆ, ಹಾಗಾಗಿ ಮುಟ್ಟಕ್ಕೆ ಹೋಗಿಲ್ಲ.