ಕ್ಲಚ್ಚೇ ಇಲ್ಲದ ಕಾರಿನ ಕ್ಲಚ್ ವಾಸನೆ

"ಇದಕ್ಕೆ ಕ್ಲಚ್ಚೇ ಇಲ್ಲ ಕಣಪ್ಪ. ಆಟೋಮ್ಯಾಟಿಕ್."

"ಇಲ್ಲ ಅಂದ್ರೆ ಈ ವಾಸನೆ ಯಾವುದ್ರದ್ದು ಸಾರ್?"

ಮೊದಲ ಮಾತು ನಮ್ಮ ಭಾವನದು. ಎರಡನೆಯದು ನಮ್ಮ ಹಿಂದೆ ನಿಂತಿದ್ದ ಲಾರಿ ಡ್ರೈವರದು. ಭಾನುವಾರ ನಡೆದದ್ದು, ಇನ್ನೂ ನೆನೆಸಿಕೊಂಡು ನಗುತ್ತಿದ್ದೇನೆ.

ಕುಕ್ಕೆಯಿಂದ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಸಾಲು ನಿಂತುಬಿಟ್ಟಿತು. ಮೇಲೆಲ್ಲೋ ತಿರುವಿನಲ್ಲಿ ಗ್ಯಾಸಿನ ಬುಲೆಟ್ ಟ್ಯಾಂಕರ್ ಕೆಟ್ಟಿದೆಯಂತೆ. ಆ ರಸ್ತೆಯಲ್ಲಿ ಓಡಾಡುವವರಿಗೆ ಇದೇನು ಹೊಸದಲ್ಲ. ಅರ್ಧ ಗಾಡಿಯುದ್ದ ಮುಂದೆ ಹೋಗುವುದು, ನಿಲ್ಲುವುದು, ಮತ್ತೆ ಅರ್ಧ ಗಾಡಿಯುದ್ದ. ಭಾವ ಬ್ರೇಕ್ ಮುಟ್ಟುತ್ತಲೇ ಇರಲಿಲ್ಲ. ಗಾಡಿ ಹಿಂದಕ್ಕೆ ಜಾರದಷ್ಟು ಆಕ್ಸಿಲರೇಟರ್ ತುಳಿದು ಏರಿನಲ್ಲೇ ನಿಲ್ಲಿಸುತ್ತಿದ್ದರು. ಅದೊಂದು ಕಲೆ ಅಂತ ಅವರ ನಂಬಿಕೆ. ಮುಂದಿನವರು ಕದಲಿದರೆ ತಕ್ಷಣ ಹೋಗಬಹುದಲ್ಲ!

"ಭಾವ, ಬ್ರೇಕ್ ಒತ್ತಿ" ಅಂದೆ. "ಅದೇ ನೋಡ್ಕೊಳ್ಳುತ್ತೆ ಬಿಡಯ್ಯ" ಅಂದರು.

ಅದು ನೋಡಿಕೊಂಡಿತು. ಮೊದಲು ಗಾಡಿ ಗಡಗಡ ಅಂತು. ಆಮೇಲೆ ಟಿಣ್ ಅಂತ ಸದ್ದಾಗಿ, ಟ್ರಾನ್ಸ್‌ಮಿಷನ್ ಬಿಸಿಯಾಗಿದೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅಂತ ಮೀಟರ್ ಮೇಲೆ ಬಂತು. ಹಿಂದೆಯೇ ಆ ಘಾಟು. ಕ್ಲಚ್ ಪ್ಲೇಟ್ ಸುಡುವ ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಜನ್ಮದಲ್ಲಿ ಮರೆಯಲ್ಲ. ಅಕ್ಕ ಹಿಂದಿನ ಸೀಟಿನಿಂದ ನೀರಿನ ಬಾಟಲಿ ಮುಂದೆ ಚಾಚಿದಳು, "ಬಾನೆಟ್ ತೆಗೆದು ಹುಯ್ಯಿರಿ" ಅಂತ. ಪುಣ್ಯಕ್ಕೆ ಯಾರೂ ಹುಯ್ಯಲಿಲ್ಲ. ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ಸೇರಿಸಿ ಬಿಡಿಸುವ ಆ ಕ್ಲಚ್ ಇರುವುದು ಅವೆರಡರ ನಡುವೆ, ಮುಚ್ಚಿದ ಗೂಡಿನೊಳಗೆ. ಮೇಲಿಂದ ನೀರು ಸುರಿದರೆ ಎಂಜಿನ್ ಒದ್ದೆಯಾಗುತ್ತಿತ್ತು, ಅಷ್ಟೇ.

ಆಗಲೇ ಲಾರಿಯವರು ಇಳಿದು ಬಂದದ್ದು. ಹೆಗಲ ಮೇಲೆ ಟವೆಲ್, ಬಾಯಲ್ಲಿ ಎಲೆ ಅಡಿಕೆ. "ಏರಲ್ಲಿ ಹಾಫ್ ಕ್ಲಚ್ಚಲ್ಲಿ ನಿಲ್ಲಿಸ್ತಿದ್ರಾ ಸಾರ್?" ಅಂದರು. ಅದಕ್ಕೆ ಭಾವ ಕೊಟ್ಟ ಉತ್ತರ, ಅದಕ್ಕೆ ಅವರು ಕೇಳಿದ ಪ್ರಶ್ನೆ, ಮೇಲೆ ಬರೆದಿದ್ದೇನೆ. ಭಾವನ ಮುಖ ನೋಡಬೇಕಿತ್ತು. ಲಾರಿಯವರು ಮಾತ್ರ ನಗಲಿಲ್ಲ. ಗಾಡಿಯನ್ನು ಪಕ್ಕಕ್ಕೆ ಹಾಕಿಸಿ, ಟೈರಿಗೆ ಕಲ್ಲು ಕೊಟ್ಟು ಹೋದರು. ದೊಡ್ಡ ಮನುಷ್ಯ.

ಕ್ಲಚ್ ಇಲ್ಲದೆ ಏನು, ಎರಡಿವೆ! ಇದು ಡಿಸಿಟಿ, ಅಂದರೆ ಡ್ಯುಯಲ್ ಕ್ಲಚ್ ಗಾಡಿ. 1, 3, 5ನೇ ಗೇರಿಗೆ ಒಂದು ಕ್ಲಚ್, 2, 4, 6ಕ್ಕೆ ಇನ್ನೊಂದು. ಇಲ್ಲದ್ದು ಪೆಡಲ್ ಮಾತ್ರ. ಕಾಲು ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರ್ ಮಾಡುತ್ತೆ. ಇವರ ಗಾಡಿಯದು ಒಣ ಕ್ಲಚ್. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚೂ ಇದೆ, ಅದರ ಬಿಸಿಯನ್ನು ಎಣ್ಣೆ ಹೊತ್ತೊಯ್ಯುತ್ತೆ. ಒಣ ಕ್ಲಚ್ಚಿಗೆ ಗಾಳಿಯೇ ಗತಿ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ಹಿಡಿದರೆ ಕ್ಲಚ್ ಪೂರ್ತಿ ಕೂರುವುದಿಲ್ಲ, ಪೂರ್ತಿ ಬಿಡುವುದೂ ಇಲ್ಲ. ಲಾರಿಯವರು ಹೇಳಿದ ಹಾಫ್ ಕ್ಲಚ್ ಇದೇ. ಅಂಗೈ ಅಂಗೈ ಉಜ್ಜಿದ ಹಾಗೆ ಉಜ್ಜುತ್ತಲೇ ಇರುತ್ತೆ. ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸನ್ನೇ ಕಂಪ್ಯೂಟರ್ ನಡೆಸುವ ಎಎಂಟಿ ಗಾಡಿಗಳ ಕಥೆಯೂ ಇದೇ. ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಗಾಡಿ ಇರುವವರು ಹಿಗ್ಗಬೇಕಿಲ್ಲ. ಅಲ್ಲಿ ಪ್ಲೇಟ್ ಬದಲು ಎಣ್ಣೆ ಕಾಯುತ್ತೆ. ಅದನ್ನು ತಣಿಸಲು ಕೂಲರ್ ಇರುತ್ತೆ ನಿಜ, ಆದರೆ ಸುಮ್ನೆ ಕಾಯಿಸುತ್ತಲೇ ಇದ್ದರೆ ಎಣ್ಣೆ ಬೇಗ ಹಾಳು.

ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಮ್ಯಾನುಯಲ್ ಸಿಕ್ಕಿತು, ಕವರ್ ಕೂಡ ಹರಿಯದೆ. ಬ್ರೇಕ್ ಒತ್ತಿ ಗೇರನ್ನು ಪಿ (ಪಾರ್ಕ್) ಗೆ ಹಾಕಿ, ಎಂಜಿನ್ ಆಫ್ ಮಾಡದೆ ಸ್ವಲ್ಪ ಹೊತ್ತು ಬಿಡಿ ಅಂತಿತ್ತು. ಏರಿನಲ್ಲಿ ಗಾಡಿ ನಿಲ್ಲಿಸಲು ಬ್ರೇಕನ್ನೇ ಬಳಸಿ ಅಂತಲೂ ಇತ್ತು. ಗೇರ್ ಪಕ್ಕದಲ್ಲಿ ಆಟೋ ಹೋಲ್ಡ್ ಬಟನ್. ಒತ್ತಿಟ್ಟರೆ ಗಾಡಿ ತಾನೇ ಬ್ರೇಕ್ ಹಿಡಿದು ನಿಲ್ಲುತ್ತೆ. ಅದರ ಮೇಲೆ ಶೋರೂಮಿನ ಪಾರದರ್ಶಕ ಪ್ಲಾಸ್ಟಿಕ್ ಹಾಗೇ ಅಂಟಿಕೊಂಡಿತ್ತು. ನಾನು ಉಗುರಿನಿಂದ ಕಿತ್ತೆ.

ನನಗೆ ಸಿಟ್ಟು ಭಾವನ ಮೇಲಲ್ಲ. ಡೆಲಿವರಿ ದಿನ ನಾನೂ ಹೋಗಿದ್ದೆ. ಹಾರ, ತೆಂಗಿನಕಾಯಿ, ದೊಡ್ಡ ರಟ್ಟಿನ ಕೀ ಹಿಡಿದು ಫೋಟೋ. ಆ ಹುಡುಗ ಸನ್‌ರೂಫ್ ತೆಗೆದು ಮುಚ್ಚಿ, ತೆಗೆದು ಮುಚ್ಚಿ ತೋರಿಸಿದ. ಬ್ಲೂಟೂತಿಗೆ ಅಕ್ಕನ ಫೋನೂ ಜೋಡಿಸಿಕೊಟ್ಟ. ಘಾಟಿಯಲ್ಲಿ ಹೇಗೆ ನಿಲ್ಲಿಸಬೇಕು ಅಂತ ಒಂದು ಮಾತಿಲ್ಲ. "ಸುಮ್ನೆ ಓಡಿಸಿ ಸಾರ್, ಏನೂ ಯೋಚನೆ ಮಾಡ್ಬೇಡಿ" ಅಂದ. ಲಕ್ಷಗಟ್ಟಲೆ ಕೊಟ್ಟು ಕೊಂಡದ್ದೇ ಯೋಚನೆ ಮಾಡದಿರಲು. ಹಾಗಿದ್ದಮೇಲೆ ಯಾರು ಮಾಡುತ್ತಾರೆ?

ಭಾವ ಅಜಾಗರೂಕ ಮನುಷ್ಯ ಅಲ್ಲವೇ ಅಲ್ಲ. ರಾತ್ರಿ ಮಲಗುವಾಗ ಗ್ಯಾಸ್ ರೆಗ್ಯುಲೇಟರ್ ಆಫ್ ಆಗಿದೆಯಾ ಅಂತ ಎದ್ದು ಹೋಗಿ ನೋಡುವವರು. ಹಳೇ ಕಾರಿನಲ್ಲಿ ಇದೇ ಶಿರಾಡಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸುತ್ತಿದ್ದರು. ಎಡಗಾಲಿಗೆ ಬಿಡುವು ಸಿಕ್ಕಿದ್ದೇ ಅದೆಲ್ಲ ಮರೆತುಹೋಯಿತು. ಕಾಲು ನೋಯುತ್ತಿದ್ದಾಗ ಕ್ಲಚ್ ಇದೆ ಅನ್ನುವುದು ನೆನಪಿರುತ್ತಿತ್ತು. ನಮ್ಮನೆ ವಾಷಿಂಗ್ ಮೆಷಿನ್ನಿನ ಫಿಲ್ಟರ್ ಯಾರೂ ತೆಗೆದು ನೋಡಲ್ಲ, ಫ್ರಿಜ್ಜಿನ ಹಿಂಬದಿ ಧೂಳು ಒರೆಸಲ್ಲ. ಕೆಟ್ಟ ದಿನ ಮಾತ್ರ ಒಳಗೇನಿದೆ ಅಂತ ಕೇಳುತ್ತೇವೆ, ಅದೂ ಮೆಕ್ಯಾನಿಕ್ ಬಿಲ್ ಕೈಗಿಟ್ಟ ಮೇಲೆ.

ಅಂದು ಗಾಡಿ ತಣ್ಣಗಾದ ಮೇಲೆ ಸಕಲೇಶಪುರದವರೆಗೆ ಭಾವ ಬ್ರೇಕ್ ಒತ್ತಿದ್ದೇ ಒತ್ತಿದ್ದು. ಮುಂದಿನ ಗಾಡಿ ಸ್ವಲ್ಪ ದೂರ ಹೋಗಲಿ, ಆಮೇಲೆ ಒಂದೇ ಸಲ ಸಾಗಿ ಅಂದೆ. ಕ್ಲಚ್ ಪೂರ್ತಿ ಕೂತು ಓಡಿದರೆ ಬಿಸಿ ಕಡಿಮೆ. ಕೇಳಿದರು. ಆದರೆ ಬೆಂಗಳೂರಿನಲ್ಲಿ ಆ ಜಾಗ ಉಳಿಯಬೇಕಲ್ಲ! ನಿನ್ನೆ ಸಿಲ್ಕ್ ಬೋರ್ಡಿನಿಂದ ಫೋನ್ ಮಾಡಿದರು.

"ಲೋ, ಜಾಗ ಬಿಟ್ಟರೆ ಎರಡು ಸ್ಕೂಟರ್, ಒಂದು ಆಟೋ ನುಗ್ತವೆ. ಹಿಂದಿನವನು ಬೇರೆ ಹಾರ್ನ್ ಹೊಡೀತಾನೆ. ಏನ್ಮಾಡ್ಲಿ?"

"ಹೊಡೀಲಿ ಬಿಡಿ ಭಾವ" ಅಂದೆ.